ಕೋಳಿ ಹಿಂದೆ ಓಡುವವರು, ಅವರ ಹಿಂದೆ ಕ್ಯಾಮೆರಾ

ಅಮೆರಿಕದ ಲೂಸಿಯಾನ ರಾಜ್ಯದ ನೈಋತ್ಯ ಭಾಗದ ಹಳ್ಳಿಗಳಲ್ಲಿ ಮಾರ್ಡಿ ಗ್ರಾ ದಿನ ಮನೆಯಂಗಳಕ್ಕೆ ಮೊದಲು ಬರುವವನು ಒಬ್ಬನೇ. ಅವನಿಗೆ ಮುಖವಾಡವಿಲ್ಲ. ಹೆಗಲ ಮೇಲೊಂದು ನಿಲುವಂಗಿ, ಕೈಯಲ್ಲೊಂದು ಬಿಳಿ ಬಾವುಟ. ಅವನೇ 'ಕಾಪಿತೇನ್', ತಂಡದ ಯಜಮಾನ. ಹಿಂದೆ ರಸ್ತೆಯಂಚಿನಲ್ಲಿ, ಕುದುರೆಗಳ ಮೇಲೆ, ಟ್ರಕ್ಕು ಎಳೆಯುವ ಟ್ರೇಲರ್‌ಗಳಲ್ಲಿ ಹತ್ತಾರು, ಕೆಲವೆಡೆ ನೂರಾರು ವೇಷಧಾರಿಗಳು ಕೂಗಾಡುತ್ತ ಕಾದಿರುತ್ತಾರೆ. ಮನೆಯೊಡತಿಯೋ ಒಡೆಯನೋ ಬಾಗಿಲಿಗೆ ಬಂದಾಗ ಕಾಪಿತೇನ್ ಕೇಳುತ್ತಾನೆ: ಮಾರ್ಡಿ ಗ್ರಾ ಬಂದಿದ್ದಾರೆ, ಒಳಗೆ ಬಿಡುತ್ತೀರಾ? ಅವರು ಹೂಂ ಎಂದರೆ ಬಾವುಟ ಬೀಸುತ್ತಾನೆ. ಊಹೂಂ ಎಂದರೆ ಮೆರವಣಿಗೆ ಮುಂದಿನ ಮನೆಗೆ. ಹಬ್ಬದ ಹುಚ್ಚಾಟವೆಲ್ಲ ಶುರುವಾಗುವುದು ಈ ಅಪ್ಪಣೆಯ ನಂತರ. ಕ್ಯಾಮೆರಾ ಹಿಡಿದು ಬಂದವರಲ್ಲಿ ಹೆಚ್ಚಿನವರು ಗಮನಿಸದೆ ಬಿಡುವುದೂ ಇದನ್ನೇ.

ಮಾರ್ಡಿ ಗ್ರಾ ಎಂದೊಡನೆ ಹೊರಗಿನವರ ಕಣ್ಣಿಗೆ ಬರುವುದು ನ್ಯೂ ಆರ್ಲಿಯನ್ಸ್. ಎತ್ತರದ ತೇರುಗಳು, ಬಾಲ್ಕನಿಯತ್ತ ಹಾರುವ ಮಣಿಸರಗಳು, 1872ರಲ್ಲಿ 'ರೆಕ್ಸ್' ಎಂಬ ಮಂಡಳಿ ಆರಿಸಿಕೊಂಡ ನೇರಳೆ, ಹಸಿರು, ಹೊಂಬಣ್ಣ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು ಮೂರು ತಾಸು ಕಾರಿನಲ್ಲಿ ಹೋದರೆ ಸಿಗುವ ಮಾಮೂ, ಯೂನಿಸ್, ಚರ್ಚ್ ಪಾಯಿಂಟ್, ಬಾಸೀಲ್, ಅಯೋಟಾ ಊರುಗಳದ್ದು ಬೇರೆಯೇ ಲೋಕ. ಮರವಿಲ್ಲದ ಚಪ್ಪಟೆ ಬಯಲು, ಭತ್ತದ ಗದ್ದೆ, ಆ ಗದ್ದೆಗಳಲ್ಲೇ ನೀರು ನಿಲ್ಲಿಸಿ ಸಾಕುವ ಸೀಗಡಿಯಂಥ ಸಿಹಿನೀರಿನ ಕ್ರಾಫಿಶ್. ಇಲ್ಲಿ ತೇರೂ ಇಲ್ಲ, ಮಣಿಸರವೂ ಇಲ್ಲ. ಇಲ್ಲಿರುವುದು 'ಕೂರೀರ್ ದ ಮಾರ್ಡಿ ಗ್ರಾ', ಅಂದರೆ ಮಾರ್ಡಿ ಗ್ರಾ ಓಟ. ಓಡುವವರನ್ನೂ 'ಮಾರ್ಡಿ ಗ್ರಾ' ಎಂದೇ ಕರೆಯುತ್ತಾರೆ. ಹಬ್ಬಕ್ಕೂ ವೇಷಧಾರಿಗೂ ಒಂದೇ ಹೆಸರು. ಈಸ್ಟರ್‌ಗೆ 47 ದಿನ ಮೊದಲಿನ ಮಂಗಳವಾರ ಅದು. ಮರುದಿನ ಬೂದಿ ಬುಧವಾರ, ಅಲ್ಲಿಂದ ನಲವತ್ತು ದಿನಗಳ ಉಪವಾಸ. ಹಾಗಾಗಿ ನಡುರಾತ್ರಿಯೊಳಗೆ ತಿನ್ನುವುದು, ಕುಡಿಯುವುದು, ಕುಣಿಯುವುದು ಎಲ್ಲ ಮುಗಿಯಬೇಕು.

ಓಟದ ತಿರುಳು ಭಿಕ್ಷೆ. ಮಧ್ಯಯುಗದ ಫ್ರಾನ್ಸಿನಲ್ಲಿ ಚಳಿಗಾಲದ ಕೊನೆಗೆ, ಕಣಜ ಬರಿದಾಗುವ ಹೊತ್ತಿಗೆ, ಬಡವರು ವೇಷ ಹಾಕಿ ಉಳ್ಳವರ ಮನೆ ಮುಂದೆ ಹಾಡಿ ಕುಣಿದು ಬೇಡುವ ಪದ್ಧತಿಯಿತ್ತು. ವೇಷದ ಮರೆಯಲ್ಲಿ ಬೇಡುವವನಿಗೆ ನಾಚಿಕೆಯಿಲ್ಲ. ಕೊಡುವವನು ಜಿಪುಣತನ ತೋರಿದರೆ ಎದುರಿಗೇ ಅಣಕಿಸಲು ಧೈರ್ಯವೂ ಬರುತ್ತದೆ. ಆ ಪದ್ಧತಿ ಫ್ರೆಂಚ್ ವಲಸಿಗರೊಂದಿಗೆ ಅಟ್ಲಾಂಟಿಕ್ ದಾಟಿತು. ಕೆನಡಾದ ಪೂರ್ವ ಕರಾವಳಿಯ ಅಕಾಡಿಯಾದಲ್ಲಿ ನೆಲೆಸಿದ್ದ ಫ್ರೆಂಚ್ ರೈತರನ್ನು 1755ರಿಂದ ಬ್ರಿಟಿಷರು ಊರುಬಿಡಿಸಿ ಹಡಗುಗಳಲ್ಲಿ ಚದುರಿಸಿದರು. ಅವರಲ್ಲಿ ಒಂದಷ್ಟು ಮಂದಿ 1765ರ ಸುಮಾರಿಗೆ ಲೂಸಿಯಾನ ಸೇರಿಕೊಂಡರು. 1785ರಲ್ಲಿ ಇನ್ನೂ ಸುಮಾರು 1,600 ಜನ ಏಳು ಹಡಗುಗಳಲ್ಲಿ ಫ್ರಾನ್ಸಿನಿಂದ ಬಂದಿಳಿದರು. ಇಂದಿನ ಕೇಜನ್ನರು ಈ ಅಕಾಡಿಯನ್ನರ, ಅವರೊಡನೆ ಬೆರೆತ ಜರ್ಮನ್, ಸ್ಪ್ಯಾನಿಷ್, ಐರಿಷ್ ಮನೆತನಗಳ ಸಂತತಿ. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಸುಗ್ಗಿ ತಂಡ, ಸರಿಸುಮಾರು ಇದೇ ತಿಂಗಳುಗಳಲ್ಲಿ, ತುರಾಯಿ ಕಟ್ಟಿಕೊಂಡು ಮನೆಯಿಂದ ಮನೆಗೆ ಕುಣಿಯುತ್ತ ಹೋಗುವುದನ್ನು ಕಂಡವರಿಗೆ ಇದರ ಒಳಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಕೊಡುವ ಕೈ, ಬೇಡುವ ಕೈ, ನಡುವೆ ಕುಣಿತ.

ವೇಷ ನೋಡಿ. ಹಳೆಯ ಪ್ಯಾಂಟು, ಅಂಗಿ ಅಥವಾ ಮಲಗುವ ಪೈಜಾಮದ ಮೇಲೆ ಉದ್ದಕ್ಕೂ ಬಟ್ಟೆಚೂರುಗಳ ಜಾಲರಿ ಹೊಲಿದಿರುತ್ತಾರೆ. ಬಡತನದ ದಿನಗಳಲ್ಲಿ ದನದ ಮೇವಿನ ಚೀಲದ ಬಟ್ಟೆಯೇ ಇದಕ್ಕೆ ಆಗುತ್ತಿತ್ತು. ತಲೆಗೆ 'ಕಾಪುಶೋಂ', ಅಂದರೆ ರಟ್ಟನ್ನು ಸುರುಳಿ ಸುತ್ತಿ ಬಟ್ಟೆ ಹೊದಿಸಿದ ಮೊನಚು ಟೋಪಿ. ಮಧ್ಯಯುಗದ ಸಿರಿವಂತ ಹೆಂಗಸರು ತೊಡುತ್ತಿದ್ದ ಎತ್ತರದ ಶಂಕುಟೋಪಿಯ ಅಣಕ ಅದು. ಕೆಲವರು ಬಿಷಪ್ಪರ ಕಿರೀಟವನ್ನು ಅಣಕಿಸುವ ಟೋಪಿ ಹಾಕುತ್ತಾರೆ, ಕೆಲವರು ಪದವಿಪ್ರದಾನದ ಚೌಕ ಟೋಪಿ. ಶ್ರೀಮಂತಿಕೆ, ಧರ್ಮ, ವಿದ್ಯೆ, ಮೂರಕ್ಕೂ ಒಂದೇ ದಿನ ಕುಟುಕು. ಗಂಡಸರು ಹೆಂಗಸರಾಗುತ್ತಾರೆ, ಊರಿನ ಗಣ್ಯರು ಭಿಕ್ಷುಕರಾಗುತ್ತಾರೆ. ಮುಖವಾಡಕ್ಕೆ ಕಿಟಕಿಗೆ ಸೊಳ್ಳೆ ಬಾರದಂತೆ ಹಾಕುವ ತಂತಿಜಾಲರಿಯೇ ಸಾಕು. ಅದನ್ನು ಮುಖದ ಆಕಾರಕ್ಕೆ ಬಗ್ಗಿಸಿ, ಕಣ್ಣು ಹುಬ್ಬು ಬಾಯಿ ಬಣ್ಣದಲ್ಲಿ ಬರೆದು, ಉಣ್ಣೆ ನೂಲಿನಿಂದ ಮೂಗು, ಮೀಸೆ ಮಾಡುತ್ತಾರೆ. ಕಾರ್ಲ್ ಲಿಂಡಾಲ್ ಮತ್ತು ಕ್ಯಾರೊಲಿನ್ ವೇರ್ ಎಂಬ ಜಾನಪದ ವಿದ್ವಾಂಸರು 1997ರಲ್ಲಿ ಈ ಮುಖವಾಡಗಳ ಕುರಿತೇ ಒಂದು ಇಡೀ ಪುಸ್ತಕ ಬರೆದಿದ್ದಾರೆ.

ಬಾವುಟ ಬೀಸಿದ ಮೇಲೆ ಅಂಗಳ ತುಂಬುತ್ತದೆ. ಮೊದಲು ಹಾಡು. ಮಾಮೂ ಕಡೆಯ ಹಾಡಿನ ರಾಗ ಹಳೆಯದು, ಹಬ್ಬದ ಹಾಡೆಂದು ನಂಬಲಾಗದಷ್ಟು ದುಗುಡದ್ದು. 1960ರ ದಶಕದಲ್ಲಿ ಕೇಜನ್ ಸಂಗೀತಗಾರರಾದ ಬಾಲ್ಫಾ ಸೋದರರ ಧ್ವನಿಮುದ್ರಣದಿಂದ ಅದು ಹೊರಗಿನ ಲೋಕಕ್ಕೆ ತಿಳಿಯಿತು. ಟೀ ಮಾಮೂ ಎಂಬ ಇನ್ನೊಂದು ಊರಿನ ಕಡೆಯದು ಬೇರೆ, ಒಂದು ಬಾಟಲಿ ತುಂಬಿದ್ದರಿಂದ ಹಿಡಿದು ಬರಿದಾಗುವವರೆಗಿನ ಕುಡಿತದ ಹಾಡು. ಆಮೇಲೆ ಕುಣಿತ, ಮಂಡಿಯೂರಿ ಬೇಡುವುದು, ಅಂಗೈಗೆ ಬೆರಳು ತೋರಿಸುತ್ತ ಕೀರಲು ದನಿಯಲ್ಲಿ 'ಐದು ಕಾಸು' ಕೇಳುವುದು. ದನಿಯನ್ನೂ ಬದಲಿಸುತ್ತಾರೆ, ಪಕ್ಕದ ಮನೆಯವನೂ ಗುರುತು ಹಿಡಿಯಬಾರದು. ಮರ ಹತ್ತುತ್ತಾರೆ, ಕಾರಿನ ಮೇಲೆ ಮಲಗುತ್ತಾರೆ, ಅಜ್ಜಿಯನ್ನು ಕುಣಿಯಲು ಎಳೆಯುತ್ತಾರೆ. ಮನೆಯವರು ಅಕ್ಕಿಯೋ ಈರುಳ್ಳಿಯೋ ಸಾಸೇಜೋ ಕಾಸೋ ಕೊಡುತ್ತಾರೆ. ಎಲ್ಲಕ್ಕಿಂತ ದೊಡ್ಡ ದಾನವೆಂದರೆ ಜೀವಂತ ಕೋಳಿ. ಕೊಡುವವರು ಅದನ್ನು ಕೈಗೆ ಕೊಡುವುದಿಲ್ಲ, ಗಾಳಿಗೆ ಎಸೆಯುತ್ತಾರೆ. ಅಲ್ಲಿಂದ ಕೆಸರು, ಬೇಲಿ, ಚರಂಡಿ, ಗದ್ದೆ ಎನ್ನದೆ ಓಟ. ಸಂಜೆ ಈ ಕೋಳಿಗಳು ಗಂಬೊ ಆಗುತ್ತವೆ. ಹಿಟ್ಟನ್ನು ಎಣ್ಣೆಯಲ್ಲಿ ಕಂದುಬಣ್ಣ ಬರುವವರೆಗೆ ಹುರಿದು ಮಾಡುವ ಗಟ್ಟಿ ಸಾರು ಅದು, ಅನ್ನದ ಮೇಲೆ ಸುರಿದುಕೊಂಡು ಊರವರೆಲ್ಲ ಒಟ್ಟಿಗೆ ಉಣ್ಣುತ್ತಾರೆ.

ಈಗ ಫೋಟೋದ ಮಾತು. ಕೂರೀರ್ ಬಗ್ಗೆ ಪತ್ರಿಕೆಗಳಲ್ಲಿ, ಪ್ರವಾಸದ ಜಾಹೀರಾತುಗಳಲ್ಲಿ ಬರುವ ಚಿತ್ರಗಳನ್ನು ಸಾಲಾಗಿ ಜೋಡಿಸಿದರೆ ಬಹುಪಾಲು ಒಂದೇ ಚಿತ್ರ: ಕೋಳಿ ಗಾಳಿಯಲ್ಲಿದೆ, ರೆಕ್ಕೆ ಬಿಚ್ಚಿದೆ, ಕೆಳಗೆ ಹತ್ತು ಕೈಗಳು ಚಾಚಿವೆ. ಸೆಕೆಂಡಿನ ಸಾವಿರದಲ್ಲೊಂದು ಭಾಗದ ವೇಗಕ್ಕೆ ಶಟರ್ ಇಟ್ಟು, ಒಂದರ ಹಿಂದೊಂದು ಹದಿನೈದು ಚಿತ್ರ ತೆಗೆದರೆ ಒಂದಾದರೂ ಸಿಕ್ಕೇ ಸಿಗುತ್ತದೆ. ಚಿತ್ರ ಸುಳ್ಳಲ್ಲ. ಆದರೆ ಅದರಲ್ಲಿ ಕೊಟ್ಟವರು ಯಾರು ಎಂಬುದಿಲ್ಲ, ಬೇಡಿದ್ದು ಹೇಗೆ ಎಂಬುದಿಲ್ಲ, ಕೊಡುವವರ ಮುಖದ ನಗುವಿಲ್ಲ. ಭಿಕ್ಷೆಯ ಹಬ್ಬ ಹೋಗಿ ಕೋಳಿ ಹಿಡಿಯುವ ಪಂದ್ಯ ಉಳಿಯುತ್ತದೆ. ನನ್ನ ಪ್ರಕಾರ ಈ ಹಬ್ಬದ ನಿಜವಾದ ಚಿತ್ರ ಇರುವುದು ಜಗಲಿಯ ಹತ್ತಿರ: ಅಪ್ಪಣೆ ಕೇಳುವ ಕ್ಷಣದಲ್ಲಿ, ಮಂಡಿಯೂರಿದವನ ಮುಂದೆ ಮನೆಯೊಡತಿ ಬೇಕಂತಲೇ ತಡಮಾಡಿ ಪರ್ಸ್ ತಡಕಾಡುವ ಹೊತ್ತಿನಲ್ಲಿ, ಅಮ್ಮನ ಕಾಲಿಗೆ ಅಂಟಿಕೊಂಡ ಮಗು ಮುಖವಾಡದ ಹಿಂದೆ ಇರುವುದು ತನ್ನ ಮಾವನೇ ಎಂದು ಗೊತ್ತಾಗದೆ ಅಳುವಲ್ಲಿ. ಅದನ್ನು ತೆಗೆಯಲು ದೂರದ ಲೆನ್ಸ್ ಬೇಡ, 28 ಅಥವಾ 35 ಮಿಲಿಮೀಟರಿನದ್ದು ಸಾಕು. ಬೇಕಿರುವುದು ಜಗಲಿಯಲ್ಲಿ ನಿಲ್ಲಲು ಜಾಗ. ಅದು ದುಡ್ಡಿಗೆ ಸಿಗುವ ವಸ್ತುವಲ್ಲ.

ತಂತಿ ಮುಖವಾಡವನ್ನು ಚಿತ್ರಿಸುವುದೂ ಸುಲಭದ ಕೆಲಸವಲ್ಲ. ಬೆಳಕು ಮುಂದಿನಿಂದ ಬಿದ್ದರೆ ಜಾಲರಿಯ ಮೇಲಿನ ಬಣ್ಣ ಹೊಳೆಯುತ್ತದೆ, ಒಳಗಿನ ಮುಖ ಕತ್ತಲಲ್ಲಿ ಅಡಗುತ್ತದೆ. ಅದೇ ಜಾಲರಿಯ ಹಿಂದಿನಿಂದಲೋ ಪಕ್ಕದಿಂದಲೋ ಬೆಳಕು ಬಂದರೆ ಬಣ್ಣ ಮಾಸಿ ಒಳಗಿನ ಕಣ್ಣು, ಗಡ್ಡ, ಬೆವರು ಎಲ್ಲ ಕಾಣತೊಡಗುತ್ತವೆ. ತೊಟ್ಟವನಿಗೆ ಹೊರಗಿನದು ಸ್ಪಷ್ಟವಾಗಿ ಕಾಣುವುದೂ ಇದೇ ಕಾರಣಕ್ಕೆ. ಒಂದೇ ಮುಖವಾಡ, ಫೋಟೋಗ್ರಾಫರ್ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಗುಟ್ಟು ರಟ್ಟು. ಇಲ್ಲಿ ಒಂದು ನೀತಿಯ ಪ್ರಶ್ನೆಯೂ ಇದೆ: ಅವನು ಗುರುತು ಸಿಗಬಾರದೆಂದು ದನಿಯನ್ನೂ ಬದಲಿಸಿಕೊಂಡಿರುವಾಗ ಬೆಳಕಿನ ಉಪಾಯದಿಂದ ಮುಖ ಬಯಲುಮಾಡುವುದು ಸರಿಯೇ? ಸಂಜೆ ಮುಖವಾಡ ತೆಗೆದು ಬಿಯರ್ ಹಿಡಿದು ಕುಳಿತಾಗ ಕೇಳಿ ತೆಗೆದರೆ ಯಾರೂ ಬೇಡವೆನ್ನುವುದಿಲ್ಲ. ಓಟದ ನಡುವೆ ಕದ್ದು ತೆಗೆದದ್ದು ಬೇರೆ. ಇನ್ನೂ ಒಂದು ತಾಂತ್ರಿಕ ಕಾಟ: ಸಮನಾದ ಸಣ್ಣ ಜಾಲರಿಯನ್ನು ಡಿಜಿಟಲ್ ಕ್ಯಾಮೆರಾ ಒಂದು ನಿರ್ದಿಷ್ಟ ದೂರದಿಂದ ತೆಗೆದರೆ ಚಿತ್ರದಲ್ಲಿ ಇಲ್ಲದ ಅಲೆಪಟ್ಟೆಗಳು ಮೂಡುತ್ತವೆ. ರೇಷ್ಮೆ ಸೀರೆಯ ಮೇಲೂ ಇದು ಬರುವುದನ್ನು ಮದುವೆ ಫೋಟೋಗ್ರಾಫರುಗಳು ಬಲ್ಲರು. ಒಂದೆರಡು ಹೆಜ್ಜೆ ಹಿಂದೆ ಮುಂದೆ ಸರಿಯುವುದೇ ಮದ್ದು. ಕಣ್ಣು ಹುಡುಕಿ ಫೋಕಸ್ ಮಾಡುವ ಹೊಸ ಕ್ಯಾಮೆರಾಗಳು ಬಣ್ಣದಲ್ಲಿ ಬರೆದ ಕಣ್ಣನ್ನೇ ನಿಜವೆಂದು ನಂಬಿಬಿಡಬಹುದು. ಅದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ.

ಈ ಬಯಲಿಗೆ ಕ್ಯಾಮೆರಾ ಬಂದದ್ದು ತಡವಾಗಿಯಲ್ಲ. ಸರ್ಕಾರದ ಕೃಷಿ ಭದ್ರತಾ ಆಡಳಿತಕ್ಕಾಗಿ ದೇಶ ಸುತ್ತುತ್ತಿದ್ದ ರಸೆಲ್ ಲೀ 1938ರಲ್ಲಿ ಕ್ರೌಲಿ ಊರಿನ ಭತ್ತದ ಹಬ್ಬ, ಕೇಜನ್ ವಾದ್ಯಗಾರರು, ಗದ್ದೆ ಕೆಲಸದವರನ್ನು ಚಿತ್ರಿಸಿದ. ಲಾರೆನ್ ಪೋಸ್ಟ್ ಎಂಬ ಭೂಗೋಳ ವಿದ್ವಾಂಸ ತಾನೇ ಆ ಬಯಲಿನ ಜನಜೀವನ ದಾಖಲಿಸಿ 1962ರಲ್ಲಿ ಪುಸ್ತಕ ತಂದ. ಆದರೆ ಲೀ ಬಂದ ಹೊತ್ತಿಗೆ ಓಟದ ಅದೃಷ್ಟ ಚೆನ್ನಾಗಿರಲಿಲ್ಲ. 1921ರ ರಾಜ್ಯ ಸಂವಿಧಾನ ಶಾಲೆಗಳಲ್ಲಿ ಇಂಗ್ಲಿಷನ್ನು ಕಡ್ಡಾಯ ಮಾಡಿತ್ತು. ಶಾಲೆಯಲ್ಲಿ ಫ್ರೆಂಚ್ ಮಾತಾಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ಫ್ರೆಂಚ್ ಹಾಡು, ಫ್ರೆಂಚ್ ಹಬ್ಬ ಎಂದರೆ ಹಳ್ಳಿಗುಗ್ಗುತನ ಎಂಬ ಭಾವನೆ ಬೆಳೆಯಿತು. ಎರಡನೇ ಮಹಾಯುದ್ಧ ಗಂಡಸರನ್ನು ಕರೆದೊಯ್ದಿತು. ಅನೇಕ ಊರುಗಳಲ್ಲಿ ಓಟ ನಿಂತುಹೋಯಿತು. 1950ರ ದಶಕದ ಆರಂಭದಲ್ಲಿ ಮಾಮೂದಲ್ಲಿ ವಕೀಲ ಪಾಲ್ ಟೇಟ್, ಶಾಲಾ ಮೇಷ್ಟ್ರು ರೆವನ್ ರೀಡ್ ಮೊದಲಾದವರು ಹಿರಿಯರಿಂದ ಹಾಡು, ಕ್ರಮ ಎಲ್ಲ ಕೇಳಿ ತಿಳಿದು ಅದನ್ನು ಮತ್ತೆ ಎಬ್ಬಿಸಿದರು. 1968ರಲ್ಲಿ ರಾಜ್ಯವೇ ಫ್ರೆಂಚ್ ಉಳಿಸಲು ಒಂದು ಮಂಡಳಿ ರಚಿಸಿತು. ಗಾಳಿ ತಿರುಗಿತು.

ಆಮೇಲೆ ಬಂದವರಲ್ಲಿ ಇಬ್ಬರ ಕೆಲಸ ನನಗೆ ಮುಖ್ಯ. ಒಬ್ಬ ಫಿಲಿಪ್ ಗೌಲ್ಡ್. 1980ರಲ್ಲಿ ಬಂದ ಅವನ ಕೇಜನ್ ಪುಸ್ತಕದಲ್ಲಿ ಹಬ್ಬ ಒಂದು ವಿಚಿತ್ರ ದಿನವಾಗಿ ನಿಲ್ಲುವುದಿಲ್ಲ. ಅದೇ ಜನ ಗದ್ದೆಯಲ್ಲಿ, ಚರ್ಚಿನಲ್ಲಿ, ಕುಣಿತದ ಮನೆಯಲ್ಲಿ ಕಾಣುತ್ತಾರೆ. ವರ್ಷದ ಉಳಿದ ದಿನಗಳು ಗೊತ್ತಿದ್ದರೆ ಮಾತ್ರ ಈ ಒಂದು ದಿನದ ತಲೆಕೆಳಗು ಎಷ್ಟು ತಲೆಕೆಳಗು ಎಂಬುದು ತಿಳಿದೀತು. ಇನ್ನೊಬ್ಬ ಚಲನಚಿತ್ರಕಾರ ಲೆಸ್ ಬ್ಲಾಂಕ್. ಅವನ 1973ರ 'ಡ್ರೈ ವುಡ್' ಚಿತ್ರದ ಮುಖ್ಯರು ಕೇಜನ್ನರಲ್ಲ, ಕಪ್ಪು ಕ್ರಿಯೋಲರು.

ಇಲ್ಲಿ ತುಸು ನಿಲ್ಲಬೇಕು, ಏಕೆಂದರೆ ಹಳ್ಳಿ ಮಾರ್ಡಿ ಗ್ರಾ ಎಂದರೆ ಕೇಜನ್ ಎಂದೇ ಬರೆಯುವ ಅಭ್ಯಾಸ ಬೇರೂರಿದೆ. ಆಫ್ರಿಕಾ, ಫ್ರಾನ್ಸ್, ಸ್ಪೇನ್, ಮೂಲನಿವಾಸಿ ಬುಡಕಟ್ಟುಗಳ ರಕ್ತ ಬೆರೆತ, ಕ್ಯಾಥೊಲಿಕ್ ನಂಬಿಕೆಯ, ಫ್ರೆಂಚ್ ಇಲ್ಲವೇ ಕ್ರಿಯೋಲ್ ಆಡುವ ಈ ಕ್ರಿಯೋಲರು ಇದೇ ಬಯಲಿನಲ್ಲಿ, ಕೇಜನ್ನರ ಪಕ್ಕದಲ್ಲೇ ಒಕ್ಕಲುತನ ಮಾಡಿದವರು. ಅವರಿಗೂ ತಮ್ಮದೇ ಓಟಗಳಿವೆ. ಬಾಸೀಲ್, ಡುರಾಲ್ಡ್ ಸುತ್ತಮುತ್ತಲಿನ ಒಳಹಳ್ಳಿಗಳಲ್ಲಿ, ಸೊಯ್ಲೋದಲ್ಲಿ. ನಿಕ್ ಸ್ಪಿಟ್ಜರ್ ಎಂಬ ಜಾನಪದ ವಿದ್ವಾಂಸ ಅಂಥದೊಂದು ಓಟವನ್ನು ವಿವರವಾಗಿ ಅಧ್ಯಯನ ಮಾಡಿದ್ದಾನೆ. ಈ ತಂಡಗಳು ಚಿಕ್ಕವು. ಹಾಡು ಒಬ್ಬ ಹೇಳುವುದು, ಉಳಿದವರು ತಿರುಗಿ ಹೇಳುವುದು, ಆಫ್ರಿಕಾದ ನಡೆ. ಬೇಡುವಿಕೆಯಲ್ಲಿ ವಿನಯ ಹೆಚ್ಚು, ರಂಪ ಕಡಿಮೆ. ಕಪ್ಪು ಜನ ಮುಖವಾಡ ಹಾಕಿಕೊಂಡು ಹಳ್ಳಿ ರಸ್ತೆಯಲ್ಲಿ ಮನೆಮನೆಗೆ ಹೋಗುವುದು ಜನಾಂಗ ಭೇದದ ಕಾನೂನುಗಳ ಕಾಲದಲ್ಲಿ ಏನು ಅರ್ಥ ಕೊಡುತ್ತಿತ್ತು ಎಂದು ಯೋಚಿಸಿದರೆ ಆ ವಿನಯದ ಹಿಂದಿನ ಎಚ್ಚರವೂ ಅರ್ಥವಾದೀತು.

'ಡ್ರೈ ವುಡ್' ಚಿತ್ರದಲ್ಲಿ ಅಕಾರ್ಡಿಯನ್ ನುಡಿಸುವ ಬ್ವಾ ಸೆಕ್ ಆರ್ಡ್ವಾನ್, ಪಿಟೀಲು ಹಿಡಿದ ಕ್ಯಾನ್‌ರೇ ಫೊಂಟೆನೊ ಇದ್ದಾರೆ. 1966ರಲ್ಲಿ ನ್ಯೂಪೋರ್ಟ್ ಜನಪದ ಸಂಗೀತೋತ್ಸವದಲ್ಲಿ ನುಡಿಸಿ, 1986ರಲ್ಲಿ ದೇಶದ ಪರಂಪರೆ ಕಲಾವಿದರ ಗೌರವ ಪಡೆದ ಜೋಡಿ. ಬ್ಲಾಂಕ್ ಈ ಜೋಡಿಯನ್ನು ವೇದಿಕೆಯ ಮೇಲೆ ನಿಲ್ಲಿಸುವುದಿಲ್ಲ. ಮಾರ್ಡಿ ಗ್ರಾ ಓಟ, ಹಂದಿ ಕೊಯ್ಯುವ ದಿನ, ಅಡುಗೆ, ಹರಟೆ, ಇವುಗಳ ನಡುವೆ ಸಂಗೀತ ಬರುತ್ತದೆ. ನಿರೂಪಕನ ದನಿ ಇಲ್ಲ. ನೋಡುವವರಿಗೆ ತಾವು ಆ ಅಂಗಳದಲ್ಲಿ ಕೂತಂತೆ ಅನಿಸುವುದು ಇದರಿಂದ. ಬ್ವಾ ಸೆಕ್‌ನ ಹಿರಿಯ ದಾಯಾದಿ ಅಮೆಡೆ ಆರ್ಡ್ವಾನ್ 1929ರಿಂದ 1934ರವರೆಗೆ ಧ್ವನಿಮುದ್ರಣ ಮಾಡಿ ಕೇಜನ್, ಕ್ರಿಯೋಲ್ ಎರಡೂ ಸಂಗೀತಕ್ಕೆ ತಳಪಾಯ ಹಾಕಿದವನು. ಅವನದೆಂದು ಖಚಿತವಾಗಿ ಗುರುತಿಸಿದ ಫೋಟೋ ಬೆರಳೆಣಿಕೆಯಷ್ಟೂ ಇಲ್ಲ. ಯಾರ ಅಂಗಳಕ್ಕೆ ಕ್ಯಾಮೆರಾ ಹೋಯಿತು, ಯಾರದಕ್ಕೆ ಹೋಗಲಿಲ್ಲ ಎಂಬುದೂ ಇತಿಹಾಸವೇ. ಇತ್ತೀಚಿನ ಕೆಲಸಗಳಲ್ಲಿ ಜೆರೆಮಾಯ ಏರಿಯಜ್‌ನ 2018ರ 'ಲೂಸಿಯಾನ ಟ್ರೇಲ್ ರೈಡರ್ಸ್' ಪುಸ್ತಕ ಈ ಕೊರತೆಯನ್ನು ತುಸು ತುಂಬುತ್ತದೆ. ಅದು ಮಾರ್ಡಿ ಗ್ರಾ ಕುರಿತದ್ದಲ್ಲ, ವಾರಾಂತ್ಯಗಳಲ್ಲಿ ಸಂಗೀತದ ಜತೆ ಕುದುರೆ ಸವಾರಿ ಹೊರಡುವ ಕ್ರಿಯೋಲ್ ಸಂಘಗಳ ಕಪ್ಪುಬಿಳುಪು ಚಿತ್ರಗಳು. ಆದರೆ ಅಮೆರಿಕದ ಕುದುರೆ ಸವಾರ ಎಂದರೆ ಬಿಳಿಯ ಎಂಬ ಕಲ್ಪನೆಯನ್ನು ಅದು ಮಾತಿಲ್ಲದೆ ಅಳಿಸಿಹಾಕುತ್ತದೆ.

ಕಪ್ಪುಬಿಳುಪು ಎಂದಾಗ ನೆನಪಾಯಿತು. ಕಲಾತ್ಮಕತೆಗಾಗಿ ಓಟವನ್ನು ಕಪ್ಪುಬಿಳುಪಿನಲ್ಲಿ ತೆಗೆಯುವವರು ಬಹಳ. ಅವರಿಗೆ ಒಂದು ಮಾತು. ಮೊನಚು ಟೋಪಿ, ಮುಚ್ಚಿದ ಮುಖ, ಕುದುರೆ ಮೇಲಿನ ಗುಂಪು. ಇದರಿಂದ ಕೆಂಪು, ಹಳದಿ, ಚೌಕಳಿ, ಹೂಹೂವಿನ ಬಟ್ಟೆಯ ಬಣ್ಣಗಳನ್ನು ತೆಗೆದುಬಿಟ್ಟರೆ ಅಮೆರಿಕದ ನೋಡುಗರಿಗೆ ಏನು ಕಾಣುತ್ತದೆ? ಕಪ್ಪು ಜನರ ಮೇಲೆ ದಾಳಿ ಮಾಡುತ್ತಿದ್ದ ಬಿಳಿಯರ ಗುಪ್ತಸಂಘ ಕು ಕ್ಲುಕ್ಸ್ ಕ್ಲಾನ್. ಕಾಪುಶೋಂನ ಮೂಲ ಕ್ಲಾನ್‌ಗಿಂತ ಎಷ್ಟೋ ಶತಮಾನ ಹಳೆಯದು, ಕಪ್ಪು ಕ್ರಿಯೋಲರೂ ಅದನ್ನು ತೊಡುತ್ತಾರೆ. 1924ರಲ್ಲಿ ಕ್ಲಾನ್ ಹತೋಟಿಗೆಂದೇ ಲೂಸಿಯಾನ ಸಾರ್ವಜನಿಕವಾಗಿ ಮುಖ ಮುಚ್ಚುವುದನ್ನು ನಿಷೇಧಿಸಿದಾಗ ಮಾರ್ಡಿ ಗ್ರಾಕ್ಕೆ ವಿನಾಯಿತಿ ಕೊಟ್ಟಿತು. ಇದೆಲ್ಲ ನಿಜ, ಆದರೆ ಚಿತ್ರ ನೋಡುವವನಿಗೆ ಇದನ್ನು ಹೇಳಲು ಫೋಟೋಗ್ರಾಫರ್ ಪಕ್ಕದಲ್ಲಿ ನಿಂತಿರುವುದಿಲ್ಲ. ಬಣ್ಣ ಇಲ್ಲಿ ಅಲಂಕಾರವಲ್ಲ, ಸಾಕ್ಷ್ಯ. 2014ರ 'ಟ್ರೂ ಡಿಟೆಕ್ಟಿವ್' ಧಾರಾವಾಹಿಯ ಮೊದಲ ಸರಣಿಯಲ್ಲಿ ಮುಸುಕಿನ ಸವಾರರು ಒಬ್ಬ ಪುಟ್ಟ ಹುಡುಗಿಯನ್ನು ಸುತ್ತುವರಿದ ಒಂದು ಹಳೆಯ ಫೋಟೋ ಬರುತ್ತದೆ, ಕೊಲೆಯ ಸುಳಿವಿನಂತೆ. ಕಥೆಗಾಗಿ ಮಾಡಿದ್ದು. ಆದರೂ ಅದಾದ ಮೇಲೆ ಈ ವೇಷಗಳನ್ನು ಭೂತಚೇಷ್ಟೆಯಂತೆ, ಮಂಜಿನಲ್ಲಿ, ಕೆಳಕೋನದಿಂದ ತೆಗೆಯುವ ಹುಚ್ಚು ಕಾಣಿಸಿಕೊಂಡಿತು. ಮಗು ಹೆದರುತ್ತದೆ, ನಿಜ. ಹೆದರಿದ ಮಗುವನ್ನು ಎರಡು ನಿಮಿಷದಲ್ಲಿ ನಗಿಸುವುದೂ ಆ ವೇಷದವನ ಕೆಲಸವೇ.

ಇದಕ್ಕೆ ವಿರುದ್ಧವಾದ ಜಾಣಕುರುಡೂ ಇದೆ. ಕೆಲವು ಬಿಳಿಯರ ಓಟಗಳಲ್ಲಿ ಮುಖಕ್ಕೆ ಕಪ್ಪು ಬಳಿದುಕೊಂಡು ಕಪ್ಪು ಗಂಡುಹೆಣ್ಣಿನ ಪಾತ್ರ ಆಡುವ ರೂಢಿಯಿತ್ತು. ಎಲ್ಲ ತಲೆಕೆಳಗಾಗುವ ದಿನ, ಅದರಲ್ಲಿ ಇದೂ ಒಂದು ಎಂದು ಸಮರ್ಥಿಸುವವರಿದ್ದಾರೆ. ಕೆಳಗಿನವನು ಮೇಲಿನವನನ್ನು ಅಣಕಿಸುವುದು ತಲೆಕೆಳಗು. ಮೇಲಿನವನು ಕೆಳಗಿನವನನ್ನು ಅಣಕಿಸಿದರೆ ಅದು ಉಳಿದ 364 ದಿನ ನಡೆಯುವುದೇ. ಅಂಥದ್ದು ಕಣ್ಣಿಗೆ ಬಿದ್ದಾಗ ಫೋಟೋಗ್ರಾಫರ್ ಅದನ್ನು ಚೌಕಟ್ಟಿನಿಂದ ಹೊರಗಿಟ್ಟು ಹಬ್ಬವನ್ನು ಸುಂದರ ಮಾಡುವುದೂ ತಪ್ಪು, ಶೀರ್ಷಿಕೆಯಿಲ್ಲದೆ ಬರಿ ಬಣ್ಣದ ವೇಷವೆಂಬಂತೆ ತೋರಿಸುವುದೂ ತಪ್ಪು.

ಹೆಂಗಸರ ವಿಷಯ. ಮಾಮೂದ ಓಟ ಇಂದಿಗೂ ಗಂಡಸರದ್ದೇ. ಟೀ ಮಾಮೂದ ಹೆಂಗಸರು 1970ರ ದಶಕದ ಆರಂಭದಲ್ಲಿ ತಮ್ಮದೇ ಓಟ ಕಟ್ಟಿಕೊಂಡರು. ಅದು ಮಂಗಳವಾರಕ್ಕೆ ಮೊದಲಿನ ಶನಿವಾರ ನಡೆಯುತ್ತದೆ. ಅವರ ವೇಷ, ಅವರ ಕೀಟಲೆ, ಗಂಡಸರಿಗೆ ಏನೇನೂ ಕಡಿಮೆಯಿಲ್ಲ. ವೇಷ ಹೊಲಿದವರು, ಮುಖವಾಡ ಮಾಡಿದವರು, ಗಂಬೊ ಕುದಿಸಿದವರು ಹಿಂದಿನಿಂದಲೂ ಅವರೇ. ಕ್ಯಾರೊಲಿನ್ ವೇರ್ 2007ರಲ್ಲಿ ಈ ಹೆಂಗಸರ ಬಗ್ಗೆಯೇ ಪುಸ್ತಕ ಬರೆದರೂ ಕುದುರೆಯಿಲ್ಲದ ಈ ಶನಿವಾರಕ್ಕೆ ಕ್ಯಾಮೆರಾಗಳು ಈಗಲೂ ಕಡಿಮೆ ಬರುತ್ತವೆ.

ಟೀ ಮಾಮೂದಲ್ಲಿ ಇನ್ನೊಂದು ದೃಶ್ಯವಿದೆ: ಕಾಪಿತೇನರ ಕೈಯಲ್ಲಿ ಗೋಣಿತಾಟು ಹೆಣೆದು ಮಾಡಿದ ಚಾಟಿ. ಮಾರ್ಡಿ ಗ್ರಾಗಳು ಅದನ್ನು ಕಸಿಯಲು ಹೊಂಚುತ್ತಾರೆ, ಅವರು ಬೆನ್ನಿಗೆ ಬಾರಿಸುತ್ತಾರೆ, ಇವರು ಮತ್ತೆ ನುಗ್ಗುತ್ತಾರೆ. ದಪ್ಪ ವೇಷದ ಮೇಲೆ ಸದ್ದೇ ಹೆಚ್ಚು. ಒಂದು ಏಟಿನ ಚಿತ್ರವನ್ನಷ್ಟೇ ನೋಡಿದವರಿಗೆ ಹಿಂಸೆ ಎನಿಸುತ್ತದೆ. ಏಟಿಗೆ ಮುಂಚಿನ ಕೀಟಲೆ, ಏಟು, ನಂತರದ ನಗು, ಮೂರೂ ಇರುವ ಸಾಲು ಚಿತ್ರಗಳಲ್ಲಿ ಅದು ಆಟವೆಂದು ತಿಳಿಯುತ್ತದೆ. ಪ್ಯಾಟ್ ಮೈರ್ 1993ರಲ್ಲಿ ಮಾಡಿದ 'ಡಾನ್ಸ್ ಫಾರ್ ಎ ಚಿಕನ್' ಸಾಕ್ಷ್ಯಚಿತ್ರ ಇಂಥ ಊರೂರಿನ ವ್ಯತ್ಯಾಸಗಳನ್ನು ಬಲ್ಲವನ ಕಣ್ಣಿನಿಂದ ತೋರಿಸುತ್ತದೆ. ಮೈರ್ ಯೂನಿಸ್ ಕಡೆಯ ಹುಡುಗನೇ.

ಈಗಿನ ಸಮಸ್ಯೆ ಚಿತ್ರಗಳ ಕೊರತೆಯದ್ದಲ್ಲ. ಒಂದು ಅಂಗಳದಲ್ಲಿ ವೇಷಧಾರಿಗಳಿಗಿಂತ ಫೋನುಗಳೇ ಹೆಚ್ಚಿರುವುದುಂಟು. ಕೋಳಿ ಓಡುವ ದಾರಿಯಲ್ಲೇ ಫೋಟೋಗ್ರಾಫರುಗಳ ಸಾಲು, ವೇಷಧಾರಿ ಅವರ ನಡುವೆ ಜಾಗ ಹುಡುಕಬೇಕು. ಇದಕ್ಕೆ ಕೆಲವು ಹೊಸ ಓಟಗಳು ಕಂಡುಕೊಂಡ ಪರಿಹಾರ ಚೆನ್ನಾಗಿದೆ: ಬರುವವರೆಲ್ಲ ವೇಷ ಹಾಕಲೇಬೇಕು, ಕ್ಯಾಮೆರಾದವರೂ. ಯುವ ಸಂಗೀತಗಾರರು ಸೇರಿ ಯೂನಿಸ್ ಬಳಿ ಕಟ್ಟಿದ ಫಾಕಟೈಗ್ ಓಟ ಇದಕ್ಕೆ ಹೆಸರಾಗಿದೆ. ಮುಖವಾಡ ತೊಟ್ಟು ಚಿತ್ರ ತೆಗೆಯುವುದು ಕಷ್ಟ, ಕಣ್ಣಿಗೆ ವ್ಯೂಫೈಂಡರ್ ಒತ್ತಲಾಗುವುದಿಲ್ಲ, ಬೆವರು ಇಳಿಯುತ್ತದೆ. ಆದರೆ ಆ ಹೊತ್ತಿಗೆ ನೋಡುಗನೂ ಬೇಡುವವರಲ್ಲೊಬ್ಬನಾಗಿರುತ್ತಾನೆ. ವೇಷವಿಲ್ಲದೆ ಒಳಹೊಕ್ಕವರನ್ನು ಮಾರ್ಡಿ ಗ್ರಾಗಳು ಬಿಡುವುದೂ ಇಲ್ಲ: ಟೋಪಿ ಹೋಗುತ್ತದೆ, ಷೂ ಹೋಗುತ್ತದೆ, ಕೆಲವೊಮ್ಮೆ ಆಸಾಮಿಯೇ ಕೆಸರಿಗೆ ಹೋಗುತ್ತಾನೆ. ಬಿಡಿಸಿಕೊಳ್ಳಲು ಕಾಸು ಕೊಡಬೇಕು.

ಹೋಗಬಯಸುವವರಿಗೆ ಕೊನೆಯ ಮಾತು. 2027ರ ಮಾರ್ಡಿ ಗ್ರಾ ಫೆಬ್ರವರಿ 9ರಂದು. ಹ್ಯೂಸ್ಟನ್ ಸುತ್ತಮುತ್ತ ಇರುವ ಕನ್ನಡಿಗರಿಗೆ ಯೂನಿಸ್ ಕಾರಿನಲ್ಲಿ ಮೂರು, ಮೂರೂವರೆ ತಾಸಿನ ದಾರಿ. ಹಿಂದಿನ ರಾತ್ರಿಯೇ ಹೊರಡಿ, ಓಟ ಬೆಳಗಿನ ಜಾವಕ್ಕೆ ಸೇರುತ್ತದೆ. ಚರ್ಚ್ ಪಾಯಿಂಟ್ ಓಟ ಅದಕ್ಕೆ ಮೊದಲಿನ ಭಾನುವಾರ, ಒಂದೇ ಪಯಣದಲ್ಲಿ ಎರಡನ್ನೂ ನೋಡಬಹುದು. ದೊಡ್ಡ ಓಟಗಳಲ್ಲಿ ಅಪರಿಚಿತರಿಗೆ ಅವಕಾಶ ಸುಲಭ, ಚಿಕ್ಕ ಕ್ರಿಯೋಲ್ ಓಟಗಳಿಗೆ ಊರವರು ಯಾರಾದರೂ ಕರೆಯದೆ ಹೋಗಬೇಡಿ. ಮೊಣಕಾಲುದ್ದದ ರಬ್ಬರ್ ಬೂಟು, ಕ್ಯಾಮೆರಾಕ್ಕೊಂದು ಮಳೆಚೀಲ, ಜೇಬು ತುಂಬ ಚಿಲ್ಲರೆ ಇರಲಿ. ರಸ್ತೆ ಸಾರ್ವಜನಿಕ, ಅಲ್ಲಿಂದ ತೆಗೆಯಲು ಕಾನೂನಿನ ಅಡ್ಡಿಯಿಲ್ಲ. ಅಂಗಳ ಮಾತ್ರ ಒಬ್ಬರ ಮನೆ. ಕಾಪಿತೇನ್ ತಂಡಕ್ಕೆ ಕೇಳಿದ ಅಪ್ಪಣೆ ನಿಮಗೂ ಸೇರಿತೆಂದು ಭಾವಿಸದೆ ಮನೆಯವರನ್ನು ಬೇರೆಯಾಗಿ ಕೇಳಿ. ಊರಿಗೆ ಮರಳಿದ ಮೇಲೆ ಒಂದು ಕೆಲಸ ಮರೆಯಬೇಡಿ. ಒಳ್ಳೆಯ ನಾಲ್ಕು ಚಿತ್ರಗಳನ್ನು ಕಾಗದದ ಮೇಲೆ ಪ್ರಿಂಟ್ ಹಾಕಿಸಿ, ಯಾರ ಜಗಲಿಯಲ್ಲಿ ನಿಂತು ತೆಗೆದಿರೋ ಅವರ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಿ.